ನಾಲ್ಕು ಬೆರಳಿನ ಜಾಗ

ಆ ಊರಿನ ಹೆಸರು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಕೆಲವರಾದರೂ ನಾಳೆಯೇ ಬುತ್ತಿ ಕಟ್ಟಿಕೊಂಡು ಕೆಲಸ ಕೇಳಲು ಹೊರಟುಬಿಡುತ್ತೀರಿ. ನೀರಿಲ್ಲದ ಒಂದು ಹೊಳೆ, ಹೊಳೆಯ ದಂಡೆಯ ಮೇಲೆ ಒಂದು ಉದ್ದನೆಯ ಮನೆ, ಅದರ ಹಿಂದೆ ಇನ್ನೊಂದು ಸಣ್ಣ ಮನೆ. ಊರೆಂದರೆ ಅಷ್ಟೇ ಅಂದರೂ ತಪ್ಪಾಗದು. ಉದ್ದನೆಯ ಮನೆಯನ್ನು ಮರಳುಮನೆ ಎನ್ನುತ್ತಿದ್ದರು. ಸುತ್ತಲಿನ ಏಳೂರುಗಳಲ್ಲಿ ಅಕ್ಷರ ಬಲ್ಲವರು ಕೆಲವೇ ಜನ, ಆ ಬಲ್ಲವರೆಲ್ಲ ಇಲ್ಲಿಗೇ ಬಂದು ಸೇರಿದ್ದರು. ಮಗಳ ಕ್ಷೇಮ ಕೇಳಬೇಕಾದವರು, ಅರಸನಿಗೆ ದೂರು ಕೊಡಬೇಕಾದವರು, ಅಣ್ಣನ ಮೇಲೆ ಮುನಿಸಿಕೊಂಡು ಪಾಲು ಕೇಳಬೇಕಾದವರು, ಎಲ್ಲರೂ ಇಲ್ಲಿಗೆ ಬಂದು ಎದುರು ಕೂತು ಹೇಳಬೇಕು, ಓಲೆ ಬರೆಸಿಕೊಂಡು ಹೋಗಬೇಕು.

ಮನೆಯಲ್ಲಿ ನಲವತ್ತು ಹಲಗೆಗಳು, ಹಲಗೆಗೊಬ್ಬರಂತೆ ನಲವತ್ತು ಜನ. ಹಲಗೆ ಎಂದರೆ ಸುತ್ತ ಅಂಚು ಕಟ್ಟಿದ ಕರಿಮರದ ತಟ್ಟೆ, ಅದರ ಮೇಲೆ ಜೋಳದ ಕಾಳಿನಷ್ಟು ದಪ್ಪಕ್ಕೆ ಹರಡಿದ ಸಣ್ಣ ಮರಳು. ಓಲೆಯ ಮೇಲೆ ಒಮ್ಮೆ ಕೊರೆದದ್ದನ್ನು ಅಳಿಸಲು ಬರುವುದಿಲ್ಲ. ಹಾಗಾಗಿ ಮೊದಲು ಬಿದಿರುಕಡ್ಡಿಯಿಂದ ಮರಳ ಮೇಲೆ ಬರೆದು, ತಿದ್ದಿ, ಸರಿಬಂದ ಮೇಲೆ ಓಲೆಗೆ ಇಳಿಸುವುದು ಅಲ್ಲಿನ ಪದ್ಧತಿ.

ಆ ಮನೆಯ ಕಟ್ಟಳೆ ಒಂದೇ. ಒಳಗೆ ಕಾಲಿಟ್ಟ ಮೇಲೆ ಬರೆಯುವವರು ಬಾಯಿ ತೆರೆಯಬಾರದು. ಊರವರ ಮಾತು ಬರೆಯುವವರ ಬಾಯಲ್ಲಿ ಸ್ವಂತ ಮಾತು ಇರಬಾರದು ಎಂದು ಮೊದಲ ಯಜಮಾನ ಹೇಳಿದ್ದನಂತೆ. ಬರೆದದ್ದನ್ನು ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳುವುದಕ್ಕೆ ಮಾತ್ರ ಅಪ್ಪಣೆಯಿತ್ತು. ಪ್ರತಿ ಓಲೆಯ ಕೊನೆಗೆ 'ಓದಿಸಿ ಕೇಳಿ ಒಪ್ಪಿದ್ದು' ಎಂದು ಬರೆಯಬೇಕು, ಬರೆದ ಮೇಲೆ ಎದುರಿನವರಿಗೆ ಅಕ್ಷರ ಬಿಡದಂತೆ ಓದಿ ಹೇಳಬೇಕು. ಅವರು ತಲೆಯಾಡಿಸಿದರೆ ಮಾತ್ರ ಹೆಬ್ಬೆಟ್ಟು. ಎಷ್ಟೋ ಮುದುಕರು 'ಓದೋದೇನು ಬೇಡ ಬಿಡಿ, ನಂಬಿಕೆ ಐತೆ' ಎಂದು ಬೆರಳು ಚಾಚುತ್ತಿದ್ದರು. ಬರೆಯುವವರು ಅವರ ಕೈ ಹಿಡಿದು ತಡೆದು, ಪೂರ್ತಿ ಓದಿಯೇ ಬಿಡುತ್ತಿದ್ದರು. ಆ ವಿಷಯದಲ್ಲಿ ಮರಳುಮನೆಯವರಷ್ಟು ಕಟ್ಟುನಿಟ್ಟಿನವರು ಇನ್ನೆಲ್ಲೂ ಇರಲಿಲ್ಲ.

ಬಾಯಿ ಮುಚ್ಚಿದ ಮಾತ್ರಕ್ಕೆ ಮನಸ್ಸು ಮುಚ್ಚುತ್ತದೆಯೇ? ಅದಕ್ಕೇ ಇರಬೇಕು, ಅದೇ ಮೊದಲ ಯಜಮಾನ ಪ್ರತಿ ಹಲಗೆಯ ಬಲಗಡೆಯ ಕೆಳಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟುಕೊಟ್ಟು, ಇದು ನಿಮ್ಮದು ಎಂದಿದ್ದ. ಆ ನಾಲ್ಕು ಬೆರಳಲ್ಲಿ ಬರೆಯುವವರು ತಮ್ಮ ಹಸಿವು, ತಲೆನೋವು, ಅತ್ತೆಯ ಮೇಲಿನ ಸಿಟ್ಟು, ಎದುರು ಕೂತ ಗಿರಾಕಿಯ ಮೂಗಿನ ಮೇಲೊಂದು ಪದ್ಯ, ಏನು ಬೇಕಾದರೂ ಬರೆಯಬಹುದು. ಪಕ್ಕದವರು ಕತ್ತು ವಾಲಿಸಿ ಓದುವರು, ತಮ್ಮ ಮೂಲೆಯಲ್ಲಿ ಉತ್ತರ ಬರೆಯುವರು. ನಲವತ್ತು ಜನ ತುಟಿ ಬಿಚ್ಚದೆ ದಿನವಿಡೀ ಹರಟುತ್ತಿದ್ದರು ಎಂದರೆ ನೀವು ನಂಬಬೇಕು.

ಹೊತ್ತು ಇಳಿಯುವಾಗ ಗಂಟೆ ಬಾರಿಸುತ್ತಿದ್ದರು. ಆಗ ಎಲ್ಲರೂ ಎದ್ದು ನಿಂತು, ಎಡಗೈಯನ್ನು ಮರಳ ಮೇಲಿಟ್ಟು, ಮೂಲೆಯಿಂದ ಮೂಲೆಗೆ ಮೂರು ಸಲ ಒರೆಸುವರು. ಒರೆಸುತ್ತ ಒಟ್ಟಿಗೆ ಹೇಳುವರು, ಈ ಒಂದು ಮಾತಿಗೆ ಮಾತ್ರ ಕಟ್ಟಳೆ ಸಡಿಲ:

"ಬರೆದದ್ದು ಮನೆಗೆ, ಒರೆಸಿದ್ದು ಗಾಳಿಗೆ."

ಮೂರು ಸಲ ಒರೆಸಿ ಮೂರು ಸಲ ಹೇಳಿದರೆ ಆ ದಿನ ಮುಗಿಯಿತು. ಮರಳು ಹುಟ್ಟಿದ ದಿನದಷ್ಟು ನುಣ್ಣಗೆ ಮಲಗುತ್ತಿತ್ತು.

ಹಲಗೆಯ ಬುಡವನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಮರಳಿನ ಕೆಳಗೆ ಅಕ್ಷರದ ತಾಯಿ ಮಲಗಿದ್ದಾಳೆ, ಅವಳ ಮೈಗೆ ಉಗುರು ತಾಗಿದರೆ ಬರೆವ ಕೈ ಬಿದ್ದುಹೋಗುತ್ತದೆ ಎಂಬ ಮಾತಿತ್ತು. ಕಡ್ಡಿ ಒತ್ತಿದಾಗ ಅಡಿಯಲ್ಲಿ ಏನೋ ಮೆತ್ತಗೆ ತಗ್ಗುವುದು ಎಲ್ಲರ ಅನುಭವಕ್ಕೂ ಬರುತ್ತಿತ್ತು. ತಾಯಿಯ ಮಡಿಲಲ್ಲವೇ, ಮೆತ್ತಗೇ ಇರುತ್ತದೆ ಎಂದುಕೊಳ್ಳುತ್ತಿದ್ದರು. ಪ್ರತಿ ಅಮಾವಾಸ್ಯೆಯ ದಿನ ಯಜಮಾನನ ಆಳುಗಳು ಹಲಗೆಗಳನ್ನೆಲ್ಲ ಹಿಂದಿನ ಸಣ್ಣ ಮನೆಗೆ ಹೊತ್ತೊಯ್ದು, ತಾಯಿಗೆ ಸ್ನಾನ ಮಾಡಿಸಿ, ಹೊಸ ಮರಳು ತುಂಬಿ ತರುತ್ತಿದ್ದರು. ಹೇಳುವವರು ಹೇಳಿದರೆ ಕೇಳುವವರಿಗೆ ಬುದ್ಧಿ ಬೇಡವೇ ಎಂದು ನೀವು ಈಗ ನಗಬಹುದು. ನಗಿ. ನೀವು ಆ ಸಾಲಿನಲ್ಲಿ ಕೂತವರಲ್ಲ.

ಸಾಲಿನ ಮೊದಲನೆಯ ಹಲಗೆಯಲ್ಲಿ ಕೂರುತ್ತಿದ್ದವಳಿಗೆ ಮೂವತ್ತು ವರ್ಷಗಳಿಂದ ಆ ಮನೆಯೇ ಮನೆ. ಅವಳನ್ನು ಎಲ್ಲರೂ ಮೊದಲನೆಯವಳು ಎಂದೇ ಕರೆಯುತ್ತಿದ್ದರು. ಅವಳ ಎಡ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ, ಮರಳು ಉಜ್ಜಿ ಉಜ್ಜಿ ಸವೆದುಹೋಗಿದ್ದವು. ಜೋಯಿಸರು ನೋಡಿದ್ದರೆ ಈಯಮ್ಮನಿಗೆ ಭವಿಷ್ಯವೇ ಇಲ್ಲ ಎನ್ನುತ್ತಿದ್ದರೋ ಏನೋ. ಹೊಸದಾಗಿ ಸೇರಿದವರಿಗೆ ಒರೆಸುವುದನ್ನು ಕಲಿಸುವ ಕೆಲಸ ಅವಳದು. ಬಂದವರ ಕಣ್ಣು ಮುಚ್ಚಿಸಿ ಎರಡೂ ರೆಪ್ಪೆಗಳ ಮೇಲೆ ಚಿಟಿಕೆ ಮರಳು ಇಡುವಳು. ಮನೆಯನ್ನು ಕಣ್ಣು ಮುಚ್ಚಿ ನಂಬಬೇಕು ಎಂಬುದು ಅದರ ಅರ್ಥ. ಕಣ್ಣು ಮುಚ್ಚಿರುವಾಗಲೇ ಅವರ ಹೆಬ್ಬೆರಳು ಹಿಡಿದು, ಬಟ್ಟೆ ಸುತ್ತಿ ತುದಿ ಮಾತ್ರ ಹೊರಗಿಟ್ಟ ಮನೆಯ ಓಲೆಗೆ ಒತ್ತಿಸುವಳು. ಆಮೇಲೆ ಅವರ ಎಡಗೈ ಮಣಿಕಟ್ಟು ಹಿಡಿದು ಮರಳ ಮೇಲೆ ಮೂರು ಸಲ ಆಡಿಸುವಳು. ಸಂಜೆ ಹೊರಗೆ ಬಂದ ಮೇಲೆ, ಆ ಮೂಲೆ ನಿಮ್ಮದು, ಹೆದರಬೇಡಿ, ಒರೆಸಿದ್ದನ್ನು ದೇವರೂ ಓದಲಾರ ಎಂದು ಬಾಯಾರೆ ಹೇಳುವಳು. ಅಲ್ಲಿದ್ದ ಮೂವತ್ತೊಂಬತ್ತು ಜನರಲ್ಲಿ ಅವಳ ಕೈಹಿಡಿದು ಒರೆಸಲು ಕಲಿಯದವರು ಒಬ್ಬರೂ ಇರಲಿಲ್ಲ. ಅದರ ಬಗ್ಗೆ ಅವಳಿಗೆ ಹೆಮ್ಮೆಯಿತ್ತು, ಇದ್ದದ್ದನ್ನು ಮುಚ್ಚಿಡುವುದೇಕೆ.

ಅವಳ ಪಕ್ಕದ ಹಲಗೆ ಎರಡನೆಯವಳದು. ಇಬ್ಬರೂ ಹದಿನೆಂಟು ವರ್ಷ ಭುಜಕ್ಕೆ ಭುಜ ತಾಗಿಸಿ ಕೂತವರು. ಒಡಹುಟ್ಟಿದವರಲ್ಲ, ಆದರೂ ಎರಡನೆಯವಳು ಇವಳನ್ನು ಅಕ್ಕ ಎನ್ನುತ್ತಿದ್ದಳು. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ ಎರಡನೆಯವಳು ತನ್ನ ಮೂಲೆಯಲ್ಲಿ ಒಂದೇ ಪದ ಬರೆದಳು: ನಡುಗುತ್ತಿದೆ. ಮೊದಲನೆಯವಳು ನೋಡಿದರೆ ಅವಳ ಬಲಗೈ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲ್ಲಾಡುತ್ತಿತ್ತು. ಕೈ ನಡುಗುವವರಿಗೆ ಮರಳುಮನೆಯಲ್ಲಿ ಜಾಗವಿಲ್ಲ. ಓಲೆಯ ಮೇಲೆ ಒಂದು ಗೆರೆ ಅತ್ತ ಹೋದರೆ ಒಬ್ಬನ ಹೊಲ ಇನ್ನೊಬ್ಬನದಾದೀತು. ಎರಡನೆಯವಳಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಅವಳ ಕೈ ಬಿಟ್ಟರೆ ಬೇರೆ ಕೈಯಿಲ್ಲ. ಮೊದಲನೆಯವಳು ತನ್ನ ಮೂಲೆಯಲ್ಲಿ ಉತ್ತರ ಬರೆದಳು: ನನ್ನ ಕಡೆ ಸರಿಸು.

ಅಂದಿನಿಂದ ಅದೇ ನಡೆದುಕೊಂಡು ಬಂತು. ಎರಡನೆಯವಳು ಮರಳ ಮೇಲೆ ಹೇಗೋ ಬರೆಯುವಳು, ಓಲೆಯನ್ನು ಮಣೆಯ ಕೆಳಗಿಂದ ಮೆಲ್ಲಗೆ ಸರಿಸುವಳು, ಮೊದಲನೆಯವಳು ತನ್ನ ಕೆಲಸದ ನಡುವೆ ಅದನ್ನೂ ಕೊರೆದುಕೊಡುವಳು. ನಡುಗುತ್ತಿದೆ. ನನ್ನ ಕಡೆ ಸರಿಸು. ನಡುಗುತ್ತಿದೆ. ನನ್ನ ಕಡೆ ಸರಿಸು. ಸಂಜೆ ಇಬ್ಬರೂ ಮೂರು ಮೂರು ಸಲ ಒರೆಸಿ ಮನೆಗೆ ಹೋಗುವರು. ಐದು ವರ್ಷ ಯಾರಿಗೂ ಗೊತ್ತಾಗಲಿಲ್ಲ ಎಂದು ಇಬ್ಬರೂ ನಂಬಿದ್ದರು.

ಒಮ್ಮೆ ಮೊದಲನೆಯವಳಿಗೆ ಜ್ವರ ಬಂದು ಎರಡು ದಿನ ಮಲಗಿದಳು. ಆ ಎರಡು ದಿನದಲ್ಲಿ ಹೋದ ಓಲೆಗಳಲ್ಲಿ ಒಂದು ವಾಪಸು ಬಂತು. ಅದರಲ್ಲಿ ಎರಡು ಗೆರೆಗಳು ದಾರಿ ತಪ್ಪಿದ್ದವು. ಈಗಿನ ಯಜಮಾನ ಅದನ್ನು ಎತ್ತಿ ಹಿಡಿದು ಸಾಲಿನುದ್ದಕ್ಕೂ ನಡೆದು, ಯಾರ ಕೈ ಇದು ಎಂದು ಒಂದೇ ಸಲ ಕೇಳಿದ. ಕಟ್ಟಳೆಯ ಪ್ರಕಾರ ಯಾರೂ ಬಾಯಿ ತೆರೆಯಲಿಲ್ಲ. ಅವನೂ ಎರಡನೆಯ ಸಲ ಕೇಳದೆ ನಕ್ಕು ಹೋದ. ಆ ನಗು ಯಾಕೆಂದು ಆಗ ಯಾರಿಗೂ ತಿಳಿಯಲಿಲ್ಲ.

ಅಮಾವಾಸ್ಯೆ ಬಂತು. ಹಲಗೆಗಳು ಹಿಂದಿನ ಮನೆಗೆ ಹೋದವು, ಹೊಸ ಮರಳು ತುಂಬಿಕೊಂಡು ಬಂದವು. ಮೂರನೆಯ ದಿನ ಯಜಮಾನ ಎರಡನೆಯವಳ ಮುಂದೆ ಬಂದು ನಿಂತ. ಅವನು ಬೈಯಲಿಲ್ಲ, ಕೂಗಲಿಲ್ಲ. ಪಾಠ ಒಪ್ಪಿಸುವವನ ಹಾಗೆ ಹೇಳುತ್ತ ಹೋದ. ಏಕಾದಶಿಯ ದಿನ, ನಡುಗುತ್ತಿದೆ. ಹುಣ್ಣಿಮೆಯ ದಿನ, ನಿನ್ನೆ ಅನ್ನ ಕಲಸುವಾಗಲೂ ನಡುಗಿತು. ಮರುದಿನ, ಅಕ್ಕ ಇಲ್ಲದಿದ್ದರೆ ನಾನು ಇಷ್ಟು ಹೊತ್ತಿಗೆ ಬೀದಿಯಲ್ಲಿರುತ್ತಿದ್ದೆ. ಅವು ಅವಳದೇ ಪದಗಳು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೇಳಿ ಮುಗಿಸಿ ಯಜಮಾನ ಅವಳ ಬಿದಿರುಕಡ್ಡಿಯನ್ನು ತೆಗೆದುಕೊಂಡು ಎರಡು ತುಂಡು ಮಾಡಿ ಅವಳ ಮಡಿಲಿಗೆ ಹಾಕಿದ. ಮರಳುಮನೆಯಲ್ಲಿ ಕೆಲಸದಿಂದ ತೆಗೆಯುವುದು ಹಾಗೆ. ಮೊದಲನೆಯವಳಿಗೆ ಅವನು ಏನೂ ಹೇಳಲಿಲ್ಲ, ಅವಳತ್ತ ತಿರುಗಿಯೂ ನೋಡಲಿಲ್ಲ.

ಎರಡನೆಯವಳು ಎದ್ದಳು. ಹೊಸ್ತಿಲು ದಾಟಿದ ಮೇಲೆ ಮಾತಾಡಬಹುದಲ್ಲ, ಆ ಕಡೆ ನಿಂತು ತಿರುಗಿ ನೋಡಿದಳು.

"ನೀನೊಬ್ಬಳೇ ಓದಿದ್ದು ಅಕ್ಕಾ," ಎಂದಳು. "ಇಬ್ಬರ ತಪ್ಪಿಗೆ ನನಗೊಬ್ಬಳಿಗೇ ಶಿಕ್ಷೆ ಯಾಕೆ ಅಂತ ನೀನೇ ಹೇಳು."

ಮೊದಲನೆಯವಳು ಹೊಸ್ತಿಲ ಈಚೆ ಇದ್ದಳು, ಕಟ್ಟಳೆ ಅವಳ ಬಾಯಿ ಕಟ್ಟಿತ್ತು. ಓಡಿ ಹೊಸ್ತಿಲು ದಾಟುವಷ್ಟರಲ್ಲಿ ಎರಡನೆಯವಳು ಬೀದಿಯ ತಿರುವಿನಲ್ಲಿ ಮರೆಯಾಗಿದ್ದಳು. ಸಂಜೆ ಅವಳ ಮನೆಗೆ ಹೋಗಿ ಬಾಗಿಲು ಬಡಿದರೆ ಬಾಗಿಲು ತೆರೆಯಲಿಲ್ಲ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ ಕಣೇ ಎಂದು ಮೊದಲನೆಯವಳು ಬಾಗಿಲಿಗೆ ಹೇಳಿ ಬಂದಳು. ಹೇಳುವಾಗ ಅವಳ ಮಾತು ಅವಳಿಗೇ ಸುಳ್ಳಿನ ಹಾಗೆ ಕೇಳಿಸಿತು.

ಹಾಗಾದರೆ ಹೇಳಿದವರು ಯಾರು? ಅವಳ ಈಚೆ ಮಗ್ಗುಲಿಗೆ ಗೋಡೆ, ಎರಡನೆಯವಳ ಆಚೆಗೆ ಮೂರನೆಯ ಹಲಗೆಯವನು. ಅವನು ಪಾಪ, ಎರಡು ಹೊತ್ತೂ ತನ್ನ ಮೂಲೆಯಲ್ಲಿ ಅಡುಗೆಯ ವಿಚಾರ ಬಿಟ್ಟು ಬೇರೇನೂ ಬರೆದವನಲ್ಲ. ಎರಡು ದಿನ ಅವಳು ಅವನನ್ನೇ ಓರೆಗಣ್ಣಿನಿಂದ ನೋಡಿದಳು. ಅವನ ಕತ್ತು ಎಷ್ಟು ದೂರ ವಾಲುತ್ತದೆ ಎಂದು ಅಳೆದಳು. ಅವನು ಬದನೆಕಾಯಿ ಎಣ್ಣೆಗಾಯಿಯ ಬಗ್ಗೆ ಬರೆದು ಇವಳನ್ನು ನೋಡಿ ನಕ್ಕರೆ, ಕಳ್ಳ, ಮಳ್ಳನ ಹಾಗೆ ನಗುತ್ತಾನೆ ಎಂದುಕೊಂಡಳು. ಮೂರನೆಯ ದಿನ ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು. ಎದ್ದು ನೇರವಾಗಿ ಯಜಮಾನನ ಕೋಣೆಗೆ ಹೋದಳು. ಅಲ್ಲಿ ಮಾತಿಗೆ ಅಡ್ಡಿಯಿರಲಿಲ್ಲ.

ಯಜಮಾನ ಬಾಳೆಹಣ್ಣು ಸುಲಿಯುತ್ತಿದ್ದ. ಯಾರು ಹೇಳಿದ್ದು ಎಂದು ಅವಳು ಕೇಳಿದಳು. ಅವನು ಬೆಚ್ಚಲಿಲ್ಲ, ತಡವರಿಸಲಿಲ್ಲ. ಮುಖದಲ್ಲಿ ಒಂದಿಷ್ಟು ನಾಚಿಕೆಯಾದರೂ ಕಂಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ಯಾರೂ ಹೇಳಲಿಲ್ಲಮ್ಮ, ಹಲಗೆಯೇ ಹೇಳಿತು," ಎಂದ. "ಬನ್ನಿ, ತೋರಿಸ್ತೀನಿ. ಇಷ್ಟು ವರ್ಷ ನೀವು ಕೇಳಲೇ ಇಲ್ಲವಲ್ಲ."

ಹಿಂದಿನ ಸಣ್ಣ ಮನೆಗೆ ಕರೆದೊಯ್ದ. ಐವತ್ತು ಹೆಜ್ಜೆಯ ದಾರಿ, ಮೂವತ್ತು ವರ್ಷದಲ್ಲಿ ಅವಳು ಒಮ್ಮೆಯೂ ನಡೆದಿರಲಿಲ್ಲ. ಒಳಗೆ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದ್ದರು. ಹಗ್ಗದ ತುಂಬ ಕರಿಯ ಪರೆಗಳು, ಹಪ್ಪಳ ಒಣಹಾಕಿದ ಹಾಗೆ ಸಾಲಾಗಿ ತೂಗುತ್ತಿದ್ದವು. ಒಂದನ್ನು ಮುಟ್ಟಿ ನೋಡಿದಳು. ಅದು ಮೇಣ, ಮೆತ್ತಗಿತ್ತು. ಮೂವತ್ತು ವರ್ಷ ತಾಯಿಯ ಮಡಿಲು ಎಂದುಕೊಂಡದ್ದರ ಗುರುತು ಬೆರಳಿಗೆ ಆ ಕ್ಷಣದಲ್ಲೇ ಸಿಕ್ಕಿತು. ಕರಿಮರದ ಮೇಲೆ ಕರಿಮೇಣ ಸವರಿ, ಅದರ ಮೇಲೆ ಮರಳು ಹರಡುತ್ತಿದ್ದರು. ಕಡ್ಡಿ ಮರಳಿನಲ್ಲಿ ಬರೆದದ್ದು ಮೇಣದಲ್ಲಿ ಒತ್ತುತ್ತಿತ್ತು. ಎಡಗೈ ಮರಳನ್ನು ಒರೆಸುತ್ತಿತ್ತು, ಮೇಣವನ್ನಲ್ಲ. ತಿಂಗಳಿಗೊಮ್ಮೆ ಮೇಣದ ಪರೆ ಸುಲಿದು ಇಲ್ಲಿ ತೂಗುಹಾಕಿ, ಹಲಗೆಗೆ ಹೊಸ ಮೇಣ ಸವರಿ ಕಳಿಸುತ್ತಿದ್ದರು. ತಾಯಿಗೆ ಸ್ನಾನ ಅಂದರೆ ಇಷ್ಟೇ.

ಕಿಟಕಿಯ ಓರೆ ಬೆಳಕಿಗೆ ಒಂದು ಪರೆ ಹಿಡಿದು, ಒಂದರ ಮೇಲೊಂದು ಬಿದ್ದ ದಿನದಿನದ ಗೆರೆಗಳನ್ನು ಬಿಡಿಸಿಕೊಂಡು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದ ಮುದುಕನೊಬ್ಬ ತಲೆ ಎತ್ತಿದ. ಅವಳಿಗೆ ಒರೆಸುವುದನ್ನು ಕಲಿಸಿದ ಹಿರಿಯ ಅವನೇ. ಅವಳಿಗಿಂತ ಮೊದಲು ಮೊದಲನೆಯ ಹಲಗೆಯಲ್ಲಿ ಕೂತವನು. ಇಪ್ಪತ್ತು ವರ್ಷದ ಹಿಂದೆ ತೀರ್ಥಯಾತ್ರೆಗೆ ಹೋಗುತ್ತೇನೆ ಎಂದು ಗಂಟು ಹೊತ್ತು ಹೊರಟಿದ್ದ. ಇಡೀ ಮನೆ ಹೊಳೆಯ ಆಚೆ ದಂಡೆಯವರೆಗೂ ಹೋಗಿ ಕಳಿಸಿಕೊಟ್ಟಿತ್ತು. ಅವಳು ಅತ್ತಿದ್ದಳು. ಅವನು ಹೋದದ್ದು ಐವತ್ತು ಹೆಜ್ಜೆ.

"ಅಯ್ಯಾ, ಒರೆಸಿದ್ದು ಗಾಳಿಗೆ ಅಂತ ಹೇಳಿಕೊಟ್ಟೋರು ನೀವು," ಎಂದಳು.

"ಹೇಳಿಕೊಡುವಾಗ ನನಗೂ ಗೊತ್ತಿರಲಿಲ್ಲ ಮಗಳೇ. ಗೊತ್ತಾದ ಮೇಲೆ ಹೇಳೋಕೆ ಬಾಯಿ ಬರಲಿಲ್ಲ." ಅವಳಿಗೆ ಸಂತೋಷವಾಗಲಿ ಎಂಬಂತೆ ಸೇರಿಸಿದ. "ನಾನು ಹೋದ ದಿನ ನೀನು ಬರೆದದ್ದನ್ನ ಓದಿದೆ. ಹಿರಿಯರಿಲ್ಲದೆ ಮನೆ ಬಿಕೋ ಅನ್ನುತ್ತಿದೆ ಅಂತ ಬರೆದಿದ್ದೆ. ನಾನು ಓದಿದ ಮೊದಲನೇ ಪರೆ ಅದು."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಅವಳಿಗೆ ಅಳು ಬರಲಿಲ್ಲ. ಅತ್ತ ಕಣ್ಣೀರನ್ನೂ ಇವರು ಎಲ್ಲೋ ಹಿಡಿದಿಟ್ಟಿರಬಹುದು ಎನ್ನಿಸಿತು. ಮೂಲೆ ನಮ್ಮದು ಅಂದಿದ್ದಿರಿ ಎಂದು ಯಜಮಾನನಿಗೆ ಹೇಳಿದಳು. ಮೂಲೆ ಈಗಲೂ ನಿಮ್ಮದೇ, ಬೇಡ ಅಂದವರು ಯಾರು ಎಂದು ಅವನು ಹೇಳಿದ. ಗೂಡಿನಿಂದ ಒಂದು ಓಲೆ ತೆಗೆದು ಕೊಟ್ಟ. ಅದರ ಕೊನೆಗೆ ಒಂದು ಎಳೆಯ ಹೆಬ್ಬೆಟ್ಟಿನ ಗುರುತಿತ್ತು, ಅವಳದೇ. ತನ್ನ ಕಣ್ಣ ಮೇಲಿನ ಮರಳಿನ ತಂಪು ಅವಳಿಗೆ ನೆನಪಿತ್ತು, ಓಲೆಯಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ. ಈಗ ಓದಿದಳು.

ಹಲಗೆ ಮನೆಯದು. ಹಲಗೆಯ ಮೇಲಿನ ಮರಳು ಮನೆಯದು. ಮರಳಿನ ಮೇಲೆ ಬರೆದದ್ದು, ಮರಳಿನ ಕೆಳಗೆ ಉಳಿದದ್ದು ಮನೆಯದು. ಮನೆ ತನಗೆ ಬೇಕಾದಾಗ ಓದುವುದು. ಓದಿಸಿ ಕೇಳಿ ಒಪ್ಪಿದ್ದು.

ಏಳೂರಿನವರಿಗೆ ಅಕ್ಷರ ಬಿಡದೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿದ ನಲವತ್ತು ಜನ, ತಮ್ಮ ಹೆಬ್ಬೆಟ್ಟನ್ನು ಕಣ್ಣು ಮುಚ್ಚಿ ಒತ್ತಿದ್ದರು. ಮೂವತ್ತೊಂಬತ್ತು ಹೆಬ್ಬೆರಳುಗಳನ್ನು ಹಿಡಿದು ಒತ್ತಿಸಿದ್ದು ಇದೇ ಕೈ. ದೀಪದ ಬುಡ ಕತ್ತಲೆ ಎಂದು ಅವಳೇ ಎಷ್ಟೋ ಓಲೆಗಳಲ್ಲಿ ಬರೆದಿದ್ದಳು.

ಯಜಮಾನ ಕೆಟ್ಟ ಮನುಷ್ಯನ ಹಾಗೆ ಮಾತಾಡಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿಸಿದ್ದು. ಏಳೂರಿನ ಗುಟ್ಟು ಈ ಮರಳ ಮೇಲಿದೆ, ಒಬ್ಬರು ಅದನ್ನು ಹೊರಗೆ ಸಾಗಿಸಿದರೆ ಮನೆಯ ಮರ್ಯಾದೆ ಏನಾಗಬೇಕು, ನೋಡಿಕೊಳ್ಳುವುದು ತನ್ನ ಧರ್ಮ ಎಂದ. ಅದು ಸುಳ್ಳೂ ಆಗಿರಲಿಲ್ಲ.

"ನೋಡ್ತೀವಿ ಅಂತ ಒಂದು ಮಾತು ಹೇಳಿದ್ದರೆ ಆಗ್ತಿತ್ತಲ್ಲ?"

"ಹೇಳಿದರೆ ಮೂಲೆಯಲ್ಲಿ ಯಾರಮ್ಮ ಬರೀತಾರೆ?"

ಆಮೇಲೆ ಅವನು ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದ. ಹಿರಿಯರ ಕಣ್ಣು ಮಂಜಾಗುತ್ತಿದೆ, ಅವರ ಜಾಗ ಇನ್ನು ಅವಳದು. ಮೊದಲನೆಯ ಹಲಗೆಯಲ್ಲಿ ಕೂತವರು ಕೊನೆಗೆ ಬಂದು ಕೂರುವುದು ಇಲ್ಲೇ, ಅದಕ್ಕೇ ಅವಳನ್ನು ಕೆಲಸದಿಂದ ತೆಗೆಯದೆ ಉಳಿಸಿಕೊಂಡದ್ದು. ಎರಡನೆಯ ಹಲಗೆಗೆ ನಾಡಿದ್ದು ಹೊಸಬಳು ಬರುತ್ತಾಳೆ, ಅವಳಿಗೆ ಒರೆಸುವುದನ್ನು ಕಲಿಸಿ ಇಲ್ಲಿಗೆ ಬಂದರೆ ಆಯಿತು. ಬಂದ ದಿನ ಗೆಳತಿಯ ಪರೆಯನ್ನು ಒಯ್ದು ಅವಳಿಗೆ ತೋರಿಸಲಿ, ತಾನು ಹೇಳಿದ್ದಲ್ಲ, ಮೇಣ ಹೇಳಿದ್ದು ಎಂದು ಸಾಬೀತು ಮಾಡಲಿ. ಆ ಒಬ್ಬಳಿಗೆ ತೋರಿಸಲು ಅವನ ಅಡ್ಡಿಯಿಲ್ಲ.

ಅವಳು ಮನೆಗೆ ಹೋಗಿ ಒಂದು ದಿನವೆಲ್ಲ ಅಂಗೈ ನೋಡುತ್ತ ಕೂತಳು. ಎರಡನೆಯವಳ ಮುಂದೆ ತಾನು ನಿರ್ದೋಷಿ ಎಂದು ತೋರಿಸಲು ಲೋಕದಲ್ಲಿ ಇದ್ದದ್ದು ಒಂದೇ ಸಾಕ್ಷಿ, ಆ ಮೇಣ. ಅದನ್ನು ಕೈಗೆ ತೆಗೆದುಕೊಳ್ಳಬೇಕಾದರೆ ಮಿಕ್ಕ ಮೂವತ್ತೆಂಟು ಜನರ ಮೇಣವನ್ನು ಓದುವವಳಾಗಬೇಕು. ಮಾಡದ ದ್ರೋಹದಿಂದ ಬಿಡುಗಡೆ ಬೇಕಾದರೆ ನಿಜವಾದ ದ್ರೋಹ ಮಾಡಬೇಕು. ಅವಳಿಗೆ ಎರಡನೆಯವಳು ಬೇಕಾಗಿದ್ದಳು, ಉಸಿರಿನಷ್ಟು ಬೇಕಾಗಿದ್ದಳು. ಹಾಗಾಗಿ ತೀರ್ಮಾನ ಸುಲಭವಾಗಿರಲಿಲ್ಲ. ಸುಲಭವಾಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೊಸಬಳು ಬೆಳಿಗ್ಗೆಯೇ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು, ದೂರದಿಂದ ನಡೆದು ಬಂದು ಕಾಲೆಲ್ಲ ಧೂಳು. ಮೊದಲನೆಯವಳ ಎದುರು ಕೂತು, ಪದ್ಧತಿ ಮೊದಲೇ ಕೇಳಿ ತಿಳಿದವಳ ಹಾಗೆ ತಾನಾಗಿಯೇ ಕಣ್ಣು ಮುಚ್ಚಿದಳು. ಸಾಲಿನ ತುದಿಯಲ್ಲಿ ಯಜಮಾನ ನಿಂತಿದ್ದ. ಎಲ್ಲರ ಕಡ್ಡಿಗಳೂ ನಿಂತು ನೋಡುತ್ತಿದ್ದವು.

ಮೊದಲನೆಯವಳು ಮರಳಿಗೆ ಕೈ ಹಾಕಲಿಲ್ಲ. ಹೊಸಬಳ ಗಲ್ಲ ತಟ್ಟಿ ಕಣ್ಣು ತೆರೆಸಿದಳು. ಮನೆಯ ಓಲೆಯನ್ನು ಕೈಗೆತ್ತಿಕೊಂಡು ಬಟ್ಟೆ ಬಿಚ್ಚಿದಳು. ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳಲು ಆ ಮನೆಯಲ್ಲಿ ಅಪ್ಪಣೆಯಿತ್ತಲ್ಲ. ಅವಳು ಕಟ್ಟಳೆ ಮುರಿಯಲಿಲ್ಲ. ಏಳೂರಿನವರಿಗೆ ಮೂವತ್ತು ವರ್ಷ ಮಾಡಿದ್ದನ್ನೇ ಈಗಲೂ ಮಾಡಿದಳು, ಅಷ್ಟೇ.

ಹಲಗೆ ಮನೆಯದು, ಎಂದು ಓದಿದಳು. ಹಲಗೆಯ ಮೇಲಿನ ಮರಳು ಮನೆಯದು. ಮರಳಿನ ಮೇಲೆ ಬರೆದದ್ದು, ಮರಳಿನ ಕೆಳಗೆ ಉಳಿದದ್ದು ಮನೆಯದು. ಅವಳ ದನಿ ದೊಡ್ಡದಲ್ಲ, ಆದರೆ ಅಷ್ಟು ಮೌನದ ಮನೆಯಲ್ಲಿ ಕೊನೆಯ ಹಲಗೆಯವರೆಗೂ ಕೇಳಿಸಿತು. ಮನೆ ತನಗೆ ಬೇಕಾದಾಗ ಓದುವುದು. ಓದಿಸಿ ಕೇಳಿ ಒಪ್ಪಿದ್ದು. ಓದಿ ಮುಗಿಸಿ, ಹೊಸಬಳ ತೋರುಬೆರಳು ಹಿಡಿದು ಮರಳಿನೊಳಕ್ಕೆ ಇಳಿಸಿದಳು, ಬುಡ ತಾಗುವವರೆಗೆ. ಹೊಸಬಳ ಹುಬ್ಬು ಗಂಟಾಯಿತು. ಬೆರಳು ತೆಗೆದು ನೋಡಿದಳು, ಉಗುರ ಸಂದಿಯಲ್ಲಿ ಕರಿಯ ಮೇಣ. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅದೇ ಕೈಯ ಹೆಬ್ಬೆರಳನ್ನು ಓಲೆಗೆ ಒತ್ತಿದಳು. ಅವಳಿಗೆ ಕೆಲಸ ಬೇಕಾಗಿತ್ತು, ಬಂದದ್ದು ದೂರದಿಂದ.

ಸಾಲಿನಲ್ಲಿ ಮೊದಲು ಮೂರನೆಯವನು ಬೆರಳು ಇಳಿಸಿದ. ನಾಲ್ಕನೆಯವಳು ಇಳಿಸಿದಳು. ಐದು, ಆರು, ಏಳು, ಒಬ್ಬರಾದ ಮೇಲೆ ಒಬ್ಬರು ಮರಳಿನೊಳಗೆ ಬೆರಳಿಳಿಸಿ, ಎತ್ತಿ, ಉಗುರು ನೋಡಿಕೊಂಡರು. ಯಾರ ಕೈಯೂ ಬಿದ್ದುಹೋಗಲಿಲ್ಲ. ಅವರೆಲ್ಲ ಯಜಮಾನನ ಕಡೆ ತಿರುಗುತ್ತಾರೆ ಎಂದು ಮೊದಲನೆಯವಳು ಅಂದುಕೊಂಡಿದ್ದಳು. ಒಬ್ಬರೂ ತಿರುಗಲಿಲ್ಲ. ಎಲ್ಲರೂ ಅವಳನ್ನೇ ನೋಡಿದರು. ಯಜಮಾನ ಎಂದೂ ಅವರ ಕೈ ಹಿಡಿದು ಒರೆಸಲು ಕಲಿಸಿದವನಲ್ಲ. ಹೆದರಬೇಡಿ ಎಂದು ಹೊಸ್ತಿಲಾಚೆ ನಿಂತು ಹೇಳಿದವನಲ್ಲ.

ಮೂರನೆಯವನು ಹಲಗೆಯನ್ನು ಅವಳ ಕಡೆ ಓರೆ ಮಾಡಿದ. ತನ್ನ ಮೂಲೆಯಲ್ಲಿ ಒಂದು ಸಾಲು ಬರೆದಿದ್ದ: ಎಷ್ಟು ವರ್ಷದಿಂದ ಗೊತ್ತಿತ್ತು?

ಅವಳು ಕಡ್ಡಿ ಎತ್ತಿದಳು. ಏನು ಬರೆದರೂ ಅದು ಮೊದಲು ಮೇಣಕ್ಕೆ, ಆಮೇಲೆ ಅವನಿಗೆ. ಕಡ್ಡಿ ಕೆಳಗಿಟ್ಟಳು. ಉತ್ತರ ಬಾರದ್ದನ್ನು ಅವನು ಉತ್ತರ ಎಂದೇ ತಿಳಿದ. ಮರಳುಮನೆಯ ಮೂಲೆಗಳಲ್ಲಿ ಯಾರಾದರೂ ಬರೆದ ಕೊನೆಯ ಸಾಲು ಅದು. ಆ ಸಂಜೆ ಗಂಟೆ ಬಾರಿಸಿದರು, ಎಲ್ಲರೂ ಎದ್ದು ಎಡಗೈಯಿಂದ ಮೂರು ಸಲ ಒರೆಸಿದರು. ಬರೆದದ್ದು ಮನೆಗೆ ಎಂದರು. ಅಲ್ಲಿಗೇ ನಿಲ್ಲಿಸಿದರು.

ಅವಳನ್ನು ಯಾರೂ ಹೊರಗೆ ಹಾಕಲಿಲ್ಲ. ತನ್ನ ಕಡ್ಡಿಯನ್ನು ತಾನೇ ಎರಡು ತುಂಡು ಮಾಡಿ ಮಡಿಲಿಗೆ ಹಾಕಿಕೊಂಡು ಎದ್ದಳು. ಬಾಗಿಲಲ್ಲಿ ಯಜಮಾನ, ಉಂಡ ಮನೆಯ ಜಂತೆ ಎಣಿಸಿದಿರಲ್ಲಮ್ಮ ಎಂದ, ನಿಜವಾಗಿಯೂ ನೊಂದವನ ದನಿಯಲ್ಲಿ. ಅವನಿಗೆ ನೋವಾಗಿತ್ತೋ ಏನೋ. ಹಿಂದಿನ ಮನೆಯ ಕಿಟಕಿಯಲ್ಲಿ ಹಿರಿಯನ ತಲೆ ಕಂಡಿತು. ಅವಳು ಆ ಕಡೆ ಕೈ ಮುಗಿಯಲಿಲ್ಲ.

ಎರಡನೆಯವಳ ಮನೆಗೆ ಹೋದಾಗ ಬಾಗಿಲು ತೆರೆದಿತ್ತು. ಅವಳು ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಡುಗಿ ಕಲ್ಲಿನ ಜೊತೆ ಅಕ್ಕಿಯೂ ಕೆಳಗೆ ಬೀಳುತ್ತಿತ್ತು. ಅವಳ ಕಿವಿಗೆ ಸುದ್ದಿ ಆಗಲೇ ಮುಟ್ಟಿತ್ತು. ಊರು ಇರುವುದೇ ಅಷ್ಟು. ಮೊದಲನೆಯವಳು ಬರಿಗೈಯಲ್ಲಿ ನಿಂತಳು. ಮೇಣದ ಪರೆ ತಂದಿರಲಿಲ್ಲ.

"ನೀನು ಹೇಳಿದ್ದಲ್ಲ ಅಂತ ಗೊತ್ತಾಯಿತು," ಎಂದಳು ಎರಡನೆಯವಳು. ಮೊರದಿಂದ ಕಣ್ಣು ತೆಗೆಯಲಿಲ್ಲ. "ಆದರೆ ಮೂವತ್ತು ವರ್ಷ ಆ ಮರಳಲ್ಲಿ ಕೈಯಾಡಿಸಿದೆಯಲ್ಲ ಅಕ್ಕಾ. ಎಲ್ಲರಿಗೂ ಹೆದರಬೇಡಿ ಅಂತ ಹೇಳೋಕೆ ಮುಂಚೆ ಒಂದು ಸಲ, ಒಂದೇ ಒಂದು ಸಲ, ಬೆರಳು ಕೆಳಗಿಳಿಸಿ ನೋಡಬಾರದಾಗಿತ್ತಾ?"

ಮೊದಲನೆಯವಳಿಗೆ ಬಾಗಿಲು ಮುಚ್ಚಿದ್ದೇ ವಾಸಿಯಿತ್ತು ಎನ್ನಿಸಿತು. ತಿರುಗಿ ಹೋಗೋಣವೆಂದುಕೊಂಡಾಗ ಎರಡನೆಯವಳು ಜಗಲಿಯ ಮೇಲೆ ಸ್ವಲ್ಪ ಸರಿದಳು. ಸರಿದದ್ದು ನಾಲ್ಕು ಬೆರಳಿನಷ್ಟು. ಮೊದಲನೆಯವಳು ಆ ಜಾಗದಲ್ಲಿ ಕೂತಳು. ಭುಜಕ್ಕೆ ಭುಜ ತಾಗಿತು. ಇಬ್ಬರೂ ಮಾತಾಡಲಿಲ್ಲ, ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ.

ಬಹಳ ಹೊತ್ತಿನ ಮೇಲೆ ಎರಡನೆಯವಳು ಮೊರ ಪಕ್ಕಕ್ಕಿಟ್ಟು ಬಾಗಿದಳು. ಅಂಗಳದ ಮಣ್ಣಿನ ಮೇಲೆ ಬೆರಳಿನಿಂದ ಒಂದು ಪದ ಬರೆದಳು. ಅಕ್ಷರಗಳು ಅತ್ತಿತ್ತ ಹೊಯ್ದಾಡಿದ್ದವು: ನಡುಗುತ್ತಿದೆ. ಬರೆದು, ಹಿಂದೆಲ್ಲ ಮಾಡುತ್ತಿದ್ದಂತೆ ಪಕ್ಕಕ್ಕೆ ನೋಡದೆ ಉತ್ತರಕ್ಕೆ ಕಾದಳು.

ಉತ್ತರ ಮೊದಲನೆಯವಳಿಗೆ ಬಾಯಿಪಾಠವಾಗಿತ್ತು. ಬಾಗಿ ಬೆರಳು ಚಾಚಿದಳು. ಬರೆಯುವ ಮೊದಲು ಉಗುರಿನಿಂದ ಆ ಜಾಗವನ್ನು ಕೆದಕಿದಳು. ಕೆಳಗೆ ಮಣ್ಣಿತ್ತು. ಇನ್ನಷ್ಟು ಕೆದಕಿದಳು. ಅಲ್ಲಿಯೂ ಮಣ್ಣೇ. ಎರಡು ಕೈಯಿಂದಲೂ ಅಗೆದಳು, ಮೊಣಕೈವರೆಗೂ ಅಗೆದಳು. ಮಣ್ಣು, ಬೇರು, ತಣ್ಣಗಿನ ಮಣ್ಣು. ಅದರಾಚೆಗೂ ಮಣ್ಣೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಬೆರಳು ಬರೆಯಲಿಲ್ಲ. ಎರಡನೆಯವಳು ಕಾಯುತ್ತಿದ್ದಳು.